ಕಾಯಿಸಿದರೆ ಫ್ಲೋರೈಡ್ ಹೋಗದು

ಮಾನ್ಯರೇ,

ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಹಳೇ ಸುದ್ದಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ, ದೊಡ್ಡವರಿಗೆ ಕೀಲುನೋವು. ಕಾಯಿಸಿ ಕುಡಿದರೆ ಆಯ್ತು ಅಂತ ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ!

ಉಳಿದದ್ದು ಶುದ್ಧ ಕುಡಿಯುವ ನೀರಿನ ಘಟಕ. ನಮ್ಮೂರಲ್ಲೂ ಇದೆ, ಕಾಯಿನ್ ಹಾಕಿದರೆ ನೀರು ಬರುತ್ತದೆ. ಒಳಗೆ ಫ್ಲೋರೈಡ್ ಸೋಸುವ ಮೆಂಬ್ರೇನ್ (ತೆಳು ಪೊರೆ) ಯಾವಾಗ ಬದಲಿಸಿದರು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಅದು ಹಾಳಾದರೂ ನೀರು ತಿಳಿಯಾಗಿಯೇ ಕಾಣುತ್ತದೆ, ಅಲ್ವಾ? ಮೆಂಬ್ರೇನ್ ಬದಲಿಸಿದ ದಿನ, ಫ್ಲೋರೈಡ್ ಪರೀಕ್ಷೆಯ ಫಲಿತಾಂಶ ಎರಡನ್ನೂ ಪ್ರತಿ ಘಟಕದ ಗೋಡೆಯ ಮೇಲೆ ಬರೆಸಲಿ.

– ಗ್ರಾಮಸ್ಥರೊಬ್ಬರು, ಬಾಗೇಪಲ್ಲಿ ತಾಲ್ಲೂಕು