ಅಬ್ ಐವರ್ಕ್ಸ್ ಬಗ್ಗೆ ಬರೆಯುತ್ತಿರುವ ಯುವ ಮಿತ್ರರಿಗೆ

ಪ್ರಿಯ ಮಿತ್ರರೇ,

ನಮಸ್ಕಾರ. ನಿಮ್ಮ ಕರಡು ಕೈಸೇರಿ ಹದಿನೈದು ದಿನಗಳಾದವು. ಎರಡು ಸಲ ಓದಿ, ನೀವು ಹೆಸರಿಸಿರುವ ಕಾರ್ಟೂನುಗಳಲ್ಲಿ ಸಿಕ್ಕಷ್ಟನ್ನು ಮತ್ತೆ ನೋಡಿ, ಆಮೇಲೆ ಬರೆಯೋಣವೆಂದು ಕಾದೆ, ತಡವಾದದ್ದಕ್ಕೆ ಬೇಸರಿಸಬೇಡಿ. ನಿಮ್ಮ ಭಾಷೆಯ ಬಗ್ಗೆ ನಾನು ಹೇಳಬೇಕಾದದ್ದು ಏನೂ ಇಲ್ಲ, ವಾಕ್ಯಗಳು ಎಲ್ಲಿಯೂ ಎಡವುವುದಿಲ್ಲ. ನನ್ನ ತಕರಾರು ಬೇರೆಯದು. ಹನ್ನೆರಡು ಪುಟಗಳ ಈ ಲೇಖನದಲ್ಲಿ, ಮಿಕ್ಕಿ ಮೌಸ್ ಎಂಬ ಕಾರ್ಟೂನು ಇಲಿಗೆ ರೂಪ ಕೊಟ್ಟ ಚಿತ್ರಕಾರ ಅಬ್ ಐವರ್ಕ್ಸ್‌ಗೆ ಅನ್ಯಾಯವಾಗುವುದನ್ನು ಒಂಬತ್ತು ಕಡೆ ಕಂಡೆ. ಅವನು ಪೆನ್ಸಿಲ್ ಹಿಡಿದು ಕೂತಿರುವುದನ್ನು ಕಂಡದ್ದು ಒಂದೇ ಕಡೆ. ಚಿತ್ರ ಬರೆದು ಬದುಕಿದ ಮನುಷ್ಯನ ಕಥೆಯನ್ನು ಅವನ ಕೈ ಕಾಣದ ಹಾಗೆ ಬರೆದರೆ ಉಳಿಯುವುದು ವಕೀಲರ ಅರ್ಜಿ ಮಾತ್ರ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಮೂವತ್ತು ವರ್ಷಗಳ ಹಿಂದೆ, ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸಿ ಜೀವನ ಸವೆಸಿದ ಹಿರಿಯರೊಬ್ಬರ ಮೇಲೆ ಬರೆದಾಗ ಅವರಿಗೆ ಸಿಗದ ಸಂಬಳ, ಸಿಗದ ಮನ್ನಣೆ ಎಲ್ಲವನ್ನೂ ತುಂಬಿದ್ದೆ. ಓದಿಸಿಕೊಂಡು ಕೇಳಿದ ಅವರು, "ಒತ್ತಕ್ಷರ ಮುರಿಯದ ಹಾಗೆ ಪುಟ ಕಟ್ಟೋದು ಹೇಗೆ ಅಂತ ಒಂದು ಸಾಲೂ ಬರೆದಿಲ್ವಲ್ಲ ಸ್ವಾಮಿ" ಎಂದರು. ನಾನು ಅದನ್ನು ಅವರನ್ನು ಕೇಳಿಯೇ ಇರಲಿಲ್ಲ.

ನಿಮ್ಮ ಮೊದಲ ಪುಟದ ಬಾಲ್ಯವನ್ನು ಅರ್ಧಕ್ಕಿಳಿಸಿ. 1901ರ ಮಾರ್ಚ್ 24ರಂದು ಮಿಸೌರಿಯ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿದ, ಜರ್ಮನಿಯಿಂದ ವಲಸೆ ಬಂದ ಕ್ಷೌರಿಕನ ಮಗ. 1919ರಲ್ಲಿ ಅದೇ ಊರಿನ ಜಾಹೀರಾತು ಚಿತ್ರಗಳ ಕಚೇರಿಯೊಂದರಲ್ಲಿ ತನ್ನದೇ ವಯಸ್ಸಿನ ವಾಲ್ಟ್ ಡಿಸ್ನಿಯ ಪರಿಚಯ. ಮರುವರ್ಷ ಇಬ್ಬರೂ ಸೇರಿ ತೆರೆದ ಸಂಸ್ಥೆ ತಿಂಗಳೊಪ್ಪತ್ತಿನಲ್ಲೇ ಮುಚ್ಚಿತು. 1924ರಲ್ಲಿ ಡಿಸ್ನಿಯ ಹಿಂದೆಯೇ ಹಾಲಿವುಡ್‌ಗೆ. ಓದುಗರಿಗೆ ಇಷ್ಟು ಸಾಕು, ಏಕೆಂದರೆ ಅವರು ಕಾಯುತ್ತಿರುವುದು ಮಿಕ್ಕಿ ಹುಟ್ಟಿದ 1928ಕ್ಕಾಗಿ.

ಆ ವರ್ಷಕ್ಕೆ ಬಂದ ಕೂಡಲೇ ನೀವು ಎಡವಿದ್ದೀರಿ. 'ಅವನ ಹೆಸರು ಎಲ್ಲಿಯೂ ಕಾಣಿಸಲಿಲ್ಲ' ಎಂದು ಬರೆದಿದ್ದೀರಿ. 'ಸ್ಟೀಮ್‌ಬೋಟ್ ವಿಲ್ಲಿ' ಎಂಬ ಮಿಕ್ಕಿ ಕಾರ್ಟೂನಿನ ಮೊದಲ ಫಲಕವನ್ನು ನಿಲ್ಲಿಸಿ ಓದಿ: ಇದು ವಾಲ್ಟ್ ಡಿಸ್ನಿಯ ಕಾಮಿಕ್, ಅಬ್ ಐವರ್ಕ್ಸ್‌ನಿಂದ, ಎಂದು ಅಲ್ಲೇ ಇದೆ. ಜನ ಅದನ್ನು ನೆನಪಿಟ್ಟುಕೊಳ್ಳಲಿಲ್ಲ ಎನ್ನುವುದು ಬೇರೆ ಮಾತು, ಅದು ನಿಜವೂ ಹೌದು. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳ ಹೆಸರು ಕೆತ್ತಿದ್ದರೂ ನಾವು ಜಕಣಾಚಾರಿಯ ಕಥೆಯನ್ನೇ ಹೇಳಿಕೊಂಡು ಬಂದಿಲ್ಲವೇ? ಹೆಸರು ಹಾಕದಿರುವುದು ಒಂದು, ಹಾಕಿದ ಹೆಸರನ್ನು ಓದದಿರುವುದು ಇನ್ನೊಂದು. ಎರಡನೆಯದರ ಹೊಣೆಯನ್ನು ಡಿಸ್ನಿಯೊಬ್ಬನ ತಲೆಗೆ ಕಟ್ಟುವಂತಿಲ್ಲ.

ಇನ್ನು ಅವನು ದಿನಕ್ಕೆ 700 ಚಿತ್ರ ಬರೆದನೆಂಬ ನಿಮ್ಮ ಮಾತು. ಆಸ್ವಾಲ್ಡ್ ಎಂಬ ಮೊಲದ ಸರಣಿಯನ್ನು ವಿತರಕ ಚಾರ್ಲ್ಸ್ ಮಿಂಟ್ಜ್ ಡಿಸ್ನಿಯ ಕೈತಪ್ಪಿಸಿ, ಅವನ ಕಲಾವಿದರಲ್ಲಿ ಹೆಚ್ಚಿನವರನ್ನು ತನ್ನ ಕಡೆಗೆ ಸೆಳೆದುಕೊಂಡಾಗ, ಹೋಗಲೊಲ್ಲದೆ ಉಳಿದವರಲ್ಲಿ ಐವರ್ಕ್ಸ್ ಮುಖ್ಯನು. ಹೊರಟುನಿಂತವರು ಒಪ್ಪಂದದ ಕೊನೆಯ ಆಸ್ವಾಲ್ಡ್ ಚಿತ್ರಗಳನ್ನು ಮುಗಿಸುತ್ತ ಅದೇ ಕಟ್ಟಡದಲ್ಲಿರುವಾಗಲೇ, ಅವರ ಕಣ್ಣಿಗೆ ಬೀಳದಂತೆ ಒಬ್ಬನೇ ಕೂತು ಅವನು 'ಪ್ಲೇನ್ ಕ್ರೇಜಿ' ಎಂಬ ಮಿಕ್ಕಿ ಕಾರ್ಟೂನನ್ನು ಸುಮಾರು ಎರಡು ವಾರಗಳಲ್ಲಿ ಬರೆದ. ನೀವು ಆ ಸಂಖ್ಯೆಯನ್ನು ಆಶ್ಚರ್ಯಸೂಚಕ ಚಿಹ್ನೆಯೊಡನೆ ಬರೆದು ಮುಂದಕ್ಕೆ ಹೋಗಿದ್ದೀರಿ. ನಾನಾಗಿದ್ದರೆ ಅಲ್ಲಿಯೇ ಕೂತು ಲೆಕ್ಕ ಹಾಕುತ್ತಿದ್ದೆ. ಹತ್ತು ಗಂಟೆಯ ದುಡಿಮೆಗೆ 700 ಎಂದರೆ ಒಂದು ಚಿತ್ರಕ್ಕೆ ಸುಮಾರು 51 ಸೆಕೆಂಡು. ಅಷ್ಟರಲ್ಲಿ ಏನು ಬರೆಯಬಹುದು? ಒಂದು ದುಂಡನೆಯ ತಲೆ, ಅದರ ಮೇಲೆ ಎರಡು ದುಂಡು ಕಿವಿ, ಪೇರಳೆಯಂಥ ಮೈ, ಮೂಳೆಯಿಲ್ಲದ ಕೊಳವೆಯಂಥ ಕೈಕಾಲು. ಮಿಕ್ಕಿಯ ರೂಪಕ್ಕೂ ಆ ವೇಗಕ್ಕೂ ಸಂಬಂಧವಿದೆ ಎಂದು ಓದುಗನಿಗೆ ಹೊಳೆಯುವುದು ಈ ಲೆಕ್ಕದಿಂದ. ಕಿವಿ ಯಾವ ಕಡೆ ತಿರುಗಿದರೂ ವೃತ್ತವೇ ಆಗಿರುವ ಇಲಿಯನ್ನು ಬರೆದದ್ದು, ಗಡಿಯಾರದ ಮುಂದೆ ಕೂತಿದ್ದ ಕೈ. ಸಂಖ್ಯೆಯನ್ನು ಮಾತ್ರ 'ಹೇಳಲಾಗುತ್ತದೆ' ಎಂದೇ ಬರೆಯಿರಿ. ಯಾರೂ ಪಕ್ಕದಲ್ಲಿ ನಿಂತು ಎಣಿಸಿದವರಿಲ್ಲ.

ನಿಮ್ಮ ಕರಡಿನಲ್ಲಿ ನನಗೆ ಅತಿ ಹೆಚ್ಚು ನಿರಾಸೆಯಾದದ್ದು 1929ರ 'ದಿ ಸ್ಕೆಲಿಟನ್ ಡಾನ್ಸ್' ಬಗ್ಗೆ. ಎರಡೇ ಸಾಲು! ಇಡೀ ಲೇಖನದ ಬೆನ್ನೆಲುಬು ಇರಬೇಕಾದ ಜಾಗ ಅದು. ಸ್ಮಶಾನದಲ್ಲಿ ನಾಲ್ಕು ಅಸ್ಥಿಪಂಜರಗಳು ಎದ್ದು ಕುಣಿಯುತ್ತವೆ, ಒಂದು ಇನ್ನೊಂದರ ಬೆನ್ನೆಲುಬನ್ನೇ ಕ್ಸೈಲೋಫೋನಿನಂತೆ ಬಾರಿಸುತ್ತದೆ, ಒಂದು ನೇರವಾಗಿ ಕ್ಯಾಮೆರಾದತ್ತ ನೆಗೆದು ನಮ್ಮನ್ನೇ ನುಂಗುತ್ತದೆ. ಕಾರ್ಲ್ ಸ್ಟಾಲಿಂಗ್‌ನ ಸಂಗೀತಕ್ಕೆ ಹೆಜ್ಜೆ ತಪ್ಪದಂತೆ ಇವುಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬರೆದವನು ಐವರ್ಕ್ಸ್. ಜಗಳ ಹುಟ್ಟಿದ್ದೂ ಇಲ್ಲಿಯೇ, ಮತ್ತು ಅದು ನೀವು ತಿಳಿದಂತೆ ಹಣದ ಜಗಳವಲ್ಲ. ಚಲನೆಯ ಮುಖ್ಯ ಭಂಗಿಗಳನ್ನಷ್ಟೇ ಐವರ್ಕ್ಸ್ ಬರೆಯಲಿ, ಅವುಗಳ ನಡುವಿನ ಚಿತ್ರಗಳನ್ನು ಕಡಿಮೆ ಸಂಬಳದ ಸಹಾಯಕರು ತುಂಬಲಿ, ಇಂಥ ಕೈಯಿಂದ ಇನ್ನೂ ಹೆಚ್ಚು ಚಿತ್ರಗಳು ಬರಲಿ ಎಂಬುದು ಡಿಸ್ನಿಯ ವಾದ. ಮೊದಲ ಚಿತ್ರದಿಂದ ಕೊನೆಯದರವರೆಗೆ ಒಂದರ ಬಾಲ ಹಿಡಿದು ಇನ್ನೊಂದು ಬರಬೇಕು, ನಡುವಿನದನ್ನು ಬೇರೆಯವರ ಕೈಗೆ ಕೊಟ್ಟರೆ ಚಲನೆ ಸತ್ತುಹೋಗುತ್ತದೆ ಎಂಬುದು ಐವರ್ಕ್ಸ್‌ನ ಹಟ. ಇದರ ಮೇಲೆ, ಯಾವ ಚಿತ್ರ ಎಷ್ಟು ಫ್ರೇಮು ನಿಲ್ಲಬೇಕೆಂದು ಅವನು ಗುರುತಿಸಿಟ್ಟ ಹಾಳೆಗಳನ್ನು ಡಿಸ್ನಿ ರಾತ್ರಿ ಬಂದು ತಿದ್ದುತ್ತಿದ್ದ. ಬೆಳಿಗ್ಗೆ ಬಂದು ತನ್ನ ತಾಳವನ್ನು ಇನ್ನೊಬ್ಬರು ಬದಲಿಸಿರುವುದನ್ನು ಕಂಡ ಕಲಾವಿದನ ಮುಖವನ್ನು ಊಹಿಸಿಕೊಳ್ಳಿ, ಆದರೆ ಆ ಮುಖವನ್ನು ವರ್ಣಿಸಬೇಡಿ, ಹಾಳೆಯನ್ನು ವರ್ಣಿಸಿ.

ಇಬ್ಬರ ವಾದವನ್ನೂ ಅವರವರ ಬಲದೊಂದಿಗೆ ಮುಂದಿಡುವುದು ನಿಮ್ಮ ಕೆಲಸ. ಇತಿಹಾಸ ಡಿಸ್ನಿಯ ಕಡೆಗೇ ವಾಲಿತು: ಮುಂದೆ ಬಂದ ದೊಡ್ಡ ಸ್ಟುಡಿಯೋಗಳೆಲ್ಲ ಮುಖ್ಯ ಭಂಗಿ ಒಬ್ಬರದು, ನಡುವಿನವು ಇನ್ನೊಬ್ಬರವು ಎಂಬ ಹಂಚಿಕೆಯ ಮೇಲೆಯೇ ನಿಂತವು. ಆದರೂ ಅಸ್ಥಿಪಂಜರಗಳನ್ನು ನೋಡುವಾಗ ನನ್ನ ಮನಸ್ಸು ಐವರ್ಕ್ಸ್ ಕಡೆಗೇ ಹೋಗುತ್ತದೆ; ಅಲ್ಲಿ ಒಂದು ಮೂಳೆ ಸರಿದರೆ ಮಿಕ್ಕವೆಲ್ಲ ಸುಳಿವು ಸಿಕ್ಕಂತೆ ಸರಿಯುತ್ತವೆ.

1930ರ ಜನವರಿಯಲ್ಲಿ ಅವನು ಹೊರಟುಹೋದ. ಡಿಸ್ನಿಗೆ ಧ್ವನಿ ಯಂತ್ರ ಒದಗಿಸಿದ್ದ ಪ್ಯಾಟ್ ಪವರ್ಸ್ ಎಂಬ ವ್ಯಾಪಾರಿಯೇ ಅವನಿಗೆ ಸ್ವಂತ ಸ್ಟುಡಿಯೋದ ಆಸೆ ತೋರಿಸಿದ್ದ. ಕಂಪನಿಯಲ್ಲಿದ್ದ ತನ್ನ ಶೇಕಡ 20ರ ಪಾಲನ್ನು 2,920 ಡಾಲರಿಗೆ ಬಿಟ್ಟುಕೊಟ್ಟ. ಆ ಪಾಲು ಇಂದು ಎಷ್ಟು ಕೋಟಿಯಾಗುತ್ತಿತ್ತು ಎಂದು ನೀವು ಒಂದು ಪ್ಯಾರಾ ಬರೆದಿದ್ದೀರಿ. ಅದನ್ನು ಹೊಡೆದುಹಾಕಿ. ಓದುಗರು ಆ ಕೋಟಿಯನ್ನು ನೆನಪಿಟ್ಟುಕೊಂಡು ಮನುಷ್ಯನನ್ನು ಮರೆತುಬಿಡುತ್ತಾರೆ.

ಅವನು ನಿರ್ದೇಶಕನಾಗಿ ಕಳೆದ ಆರು ವರ್ಷಗಳನ್ನು ನೀವು ಮೂರು ಸಾಲುಗಳಲ್ಲಿ ದಾಟಿದ್ದರ ಕಾರಣ ನನಗೆ ಅರ್ಥವಾಗುತ್ತದೆ: ಆ ವರ್ಷಗಳು ನಿಮ್ಮ ಅಹವಾಲಿಗೆ ಒಗ್ಗುವುದಿಲ್ಲ. ಕೈಯಲ್ಲಿ ಸ್ವಂತ ಸ್ಟುಡಿಯೋ, ಚಿತ್ರಗಳನ್ನು ಹಂಚಲು ಎಂಜಿಎಂ ಎಂಬ ದೊಡ್ಡ ಚಿತ್ರಸಂಸ್ಥೆ, ತಡೆಯುವವರು ಯಾರೂ ಇಲ್ಲ. ಆದರೂ ಅವನ ಕಪ್ಪೆ 'ಫ್ಲಿಪ್' ಜನರ ಮನಸ್ಸಿನಲ್ಲಿ ನೆಲೆಯೂರಲಿಲ್ಲ. 1930ರಲ್ಲಿ ಬಂದ ಮೊದಲ ಫ್ಲಿಪ್ ಚಿತ್ರ 'ಫಿಡ್ಲ್‌ಸ್ಟಿಕ್ಸ್' ಆಗಲೇ ಎರಡು ಬಣ್ಣದ ಪದ್ಧತಿಯಲ್ಲಿ ಬಣ್ಣದ್ದಾಗಿತ್ತು. ಡಿಸ್ನಿಯ ಮೊದಲ ಬಣ್ಣದ ಕಾರ್ಟೂನು ಬಂದದ್ದು 1932ರಲ್ಲಿ. ಚಲನೆ ಸೊಗಸು, ಯಂತ್ರಜ್ಞಾನ ಒಂದು ಹೆಜ್ಜೆ ಮುಂದೆ. ಆದರೆ ಆ ಕಪ್ಪೆಗೆ ಏನು ಬೇಕು, ಅದಕ್ಕೆ ಯಾವುದರ ಭಯ, ಯಾಕೆ ನಾವು ಅದರ ಬೆನ್ನು ಹತ್ತಬೇಕು? ಉತ್ತರವಿಲ್ಲ. ಕಪ್ಪೆಯೂ ಚಿತ್ರದಿಂದ ಚಿತ್ರಕ್ಕೆ ಕಪ್ಪೆತನ ಕಳೆದುಕೊಂಡು ಯಾವುದೋ ಹುಡುಗನಂತಾಯಿತು. ಫ್ಲಿಪ್ 1933ಕ್ಕೆ ನಿಂತಿತು. ಬಡಾಯಿ ಕೊಚ್ಚುವ ಹುಡುಗ ವಿಲ್ಲಿ ವಾಪರ್ ಮರುವರ್ಷವೇ ಮರೆಯಾದ. ಹಳೆಯ ಕಥೆಗಳನ್ನು ಆಧರಿಸಿದ ಕಾಮಿಕಲರ್ ಸರಣಿ 1936ರವರೆಗೆ ನಡೆಯಿತು. ಮೂರು ಬಣ್ಣದ ಟೆಕ್ನಿಕಲರನ್ನು ಕಾರ್ಟೂನುಗಳಿಗೆ ಬಳಸುವ ಹಕ್ಕನ್ನು ಡಿಸ್ನಿ 1935ರವರೆಗೆ ತನಗೊಬ್ಬನಿಗೇ ಕಾಯ್ದಿರಿಸಿಕೊಂಡದ್ದರಿಂದ ಇವನು ಎರಡು ಬಣ್ಣಗಳಲ್ಲಿಯೇ ತೃಪ್ತನಾಗಬೇಕಾಯಿತು. ಇದು ಮಾತ್ರ ನೀವು ಧಾರಾಳವಾಗಿ ಬಳಸಬಹುದಾದ ಕುಂದುಕೊರತೆ. ಆದರೆ ಕಥೆ ಹೆಣೆಯುವ ಕೈ ಅವನಿಗಿರಲಿಲ್ಲ ಎಂಬುದನ್ನು ಮುಚ್ಚಿಡಬೇಡಿ. ನಿಮ್ಮ ನಾಯಕನ ಮಿತಿಯನ್ನು ನೀವೇ ಹೇಳಿದರೆ ಅವನ ಬಲದ ಬಗ್ಗೆ ಹೇಳುವಾಗ ಓದುಗ ನಂಬುತ್ತಾನೆ. ಅಂದಹಾಗೆ, ಆ ಸ್ಟುಡಿಯೋದಲ್ಲಿ ಬಳಸಿದ ಸೆಲ್ ಎಂಬ ಪಾರದರ್ಶಕ ಹಾಳೆಗಳನ್ನು ತೊಳೆಯುವ ಕೆಲಸಕ್ಕೆ ಸೇರಿದ್ದ ಹುಡುಗ ಚಕ್ ಜೋನ್ಸ್. ಅವನು ಮುಂದೆ ಬಗ್ಸ್ ಬನ್ನಿ ಕಾರ್ಟೂನುಗಳ ಹೆಸರಾಂತ ನಿರ್ದೇಶಕನಾದ ಎಂದು ಒಂದು ಸಾಲು ಬರೆದರೂ ಸಾಕು.

ಹಳೆಯ ಷೆವರ್ಲೆ ಕಾರಿನ ಬಿಡಿಭಾಗಗಳಿಂದ ಅವನು ಕಟ್ಟಿದ ಬಹುಪದರ ಕ್ಯಾಮೆರಾವನ್ನು, ಅಂದರೆ ಚಿತ್ರಗಳನ್ನು ಒಂದರ ಹಿಂದೊಂದು ಪದರಗಳಲ್ಲಿಟ್ಟು ಆಳ ತೋರಿಸುವ ಕ್ಯಾಮೆರಾವನ್ನು, 'ಜಗತ್ತಿನಲ್ಲೇ ಮೊದಲನೆಯದು' ಎಂದಿದ್ದೀರಿ. ಅಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ 1920ರ ದಶಕದಲ್ಲೇ ಒಂದರ ಕೆಳಗೊಂದು ಗಾಜಿನ ಪದರಗಳನ್ನಿಟ್ಟು ನೆರಳುಚಿತ್ರಗಳನ್ನು ತೆಗೆದಿದ್ದಳು. 'ಮೊದಲ' ಎಂಬ ಶಬ್ದ ಕಂಡಲ್ಲೆಲ್ಲ ಕೆಂಪು ಗುರುತು ಹಾಕಿದ್ದೇನೆ, ಒಟ್ಟು ಹದಿನಾಲ್ಕು. ಕಾರಿನ ಬಿಡಿಭಾಗಗಳೇ ಸಾಕಷ್ಟು ಸ್ವಾರಸ್ಯವಾಗಿಲ್ಲವೇ?

ಈಗ ನನ್ನ ದೊಡ್ಡ ತಕರಾರು. 1940ರಲ್ಲಿ ಅವನು ಡಿಸ್ನಿ ಸ್ಟುಡಿಯೋಗೆ ಮರಳಿದ್ದನ್ನು ನೀವು 'ಸೋತು ಶರಣಾದ, ಉಳಿದದ್ದು ಅಜ್ಞಾತವಾಸ' ಎಂದು ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀರಿ. ಮೂವತ್ತು ವರ್ಷಗಳ ಅಜ್ಞಾತವಾಸವೇ? ನನ್ನನ್ನು ಕೇಳಿದರೆ ಲೇಖನದ ಅರ್ಧ ಭಾಗ ಇದಕ್ಕೆ ಸಲ್ಲಬೇಕು. ಅವನು ಅನಿಮೇಟರನಾಗಿ ಮರಳಲಿಲ್ಲ, ಮತ್ತೆ ಇಲಿಯನ್ನು ಬರೆಯಲು ಕೂರಲೂ ಇಲ್ಲ. ಕ್ಯಾಮೆರಾ, ಮಸೂರ, ಮುದ್ರಣ ಯಂತ್ರಗಳ ಕಡೆಗೆ ಹೋದ. ಬೇರೆಬೇರೆ ಫಿಲ್ಮುಗಳ ದೃಶ್ಯಗಳನ್ನು ಒಂದೇ ಫಿಲ್ಮಿಗೆ ಇಳಿಸುವ ಸುಧಾರಿಸಿದ ಆಪ್ಟಿಕಲ್ ಪ್ರಿಂಟರ್‌ಗಾಗಿ 1960ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಅನಿಮೇಟರನ ಪೆನ್ಸಿಲ್ ಗೆರೆಯನ್ನು ಜೆರಾಕ್ಸ್ ವಿಧಾನದಲ್ಲಿ ನೇರವಾಗಿ ಸೆಲ್ ಮೇಲೆ ಇಳಿಸುವ ವ್ಯವಸ್ಥೆಯನ್ನು ಅವನು ಹೊಂದಿಸಿಕೊಟ್ಟದ್ದರಿಂದ, ಮೈತುಂಬ ಚುಕ್ಕೆಗಳಿರುವ ನೂರೊಂದು ನಾಯಿಗಳ ಚಿತ್ರ 1961ರಲ್ಲಿ ಸಾಧ್ಯವಾಯಿತು. ಅಲ್ಲಿಯವರೆಗೆ ಒಂದೊಂದು ಗೆರೆಯನ್ನೂ ಶಾಯಿಯಲ್ಲಿ ತಿದ್ದುತ್ತಿದ್ದ ಹೆಣ್ಣುಮಕ್ಕಳ ಕೆಲಸ ಇದರಿಂದ ಕುಗ್ಗಿತು, ಅದನ್ನೂ ಬರೆಯಿರಿ. ಆದರೆ ಇನ್ನೊಂದನ್ನು ಗಮನಿಸಿದಿರಾ? ನಡುವೆ ಬೇರೆಯವರ ಕೈ ಬಂದರೆ ಗೆರೆ ಸಾಯುತ್ತದೆ ಎಂದು 1929ರಲ್ಲಿ ಜಗಳವಾಡಿದವನೇ, ಬರೆದವನ ಗೆರೆ ಬರೆದ ಹಾಗೆಯೇ ತೆರೆಗೆ ಬರುವ ಯಂತ್ರವನ್ನು ತಂದ. ಈ ಎರಡನ್ನೂ ಪಕ್ಕಪಕ್ಕದಲ್ಲಿಡಿ, ಮೇಲೆ ವ್ಯಾಖ್ಯಾನ ಬೇಡ.

ಸೋಡಿಯಂ ದೀಪದ ವಿಧಾನವನ್ನು ನೀವು 'ಸಂಕೀರ್ಣ ತಂತ್ರಜ್ಞಾನ' ಎಂದು ಕರೆದು ಕೈತೊಳೆದುಕೊಂಡಿದ್ದೀರಿ. ಅದು ಅಷ್ಟೇನೂ ಸಂಕೀರ್ಣವಲ್ಲ. ನಟರ ಹಿಂದೆ ಒಂದು ಬಿಳಿ ಪರದೆ. ಅದರ ಮೇಲೆ ಬೀದಿದೀಪದಂಥ ಹಳದಿ ಸೋಡಿಯಂ ಬೆಳಕು. ನಟರ ಮೇಲೆ ಮಾಮೂಲಿ ಬೆಳಕು. ಕ್ಯಾಮೆರಾದೊಳಗಿನ ಪಟ್ಟಕ ಆ ಒಂದು ಹಳದಿಯನ್ನು ಮಾತ್ರ ಬೇರ್ಪಡಿಸಿ ಕಪ್ಪುಬಿಳುಪು ಫಿಲ್ಮಿಗೂ, ಉಳಿದ ಬಣ್ಣಗಳನ್ನು ಇನ್ನೊಂದು ಫಿಲ್ಮಿಗೂ ಕಳಿಸುತ್ತದೆ. ಹೀಗೆ ಮನುಷ್ಯನೂ ಅವನ ಆಕಾರದ ಮರೆಯೂ ಒಂದೇ ಕ್ಷಣದಲ್ಲಿ ಸೆರೆಯಾಗುತ್ತವೆ, ಆಮೇಲೆ ಹಿಂದೆ ಯಾವ ದೃಶ್ಯವನ್ನು ಬೇಕಾದರೂ ಕೂಡಿಸಬಹುದು. 1964ರ 'ಮೇರಿ ಪಾಪಿನ್ಸ್'ನಲ್ಲಿ ನಾಯಕಿಯ ಟೋಪಿಯ ತೆಳು ಜಾಲರಿಯ ಮೂಲಕವೂ ಬರೆದ ಹಿನ್ನೆಲೆ ಕಾಣುತ್ತದೆ. ನೀಲಿ ಪರದೆಯಲ್ಲಿ ಅದು ಬಹಳ ಕಷ್ಟ. ಹಿಚ್‌ಕಾಕ್‌ನ 'ದಿ ಬರ್ಡ್ಸ್'ನಲ್ಲಿ ಪಟಪಟನೆ ಬಡಿಯುವ ರೆಕ್ಕೆಗಳ ಅಂಚು ಹರಿಯದೆ ನಿಂತದ್ದೂ ಇದರಿಂದಲೇ. 1965ರ ತಾಂತ್ರಿಕ ಪ್ರಶಸ್ತಿಯನ್ನು ಅವನು ಪೆಟ್ರೋ ವ್ಲಾಹೋಸ್ ಮತ್ತು ವಾಡ್ಸ್‌ವರ್ತ್ ಪೋಲ್ ಜೊತೆ ಹಂಚಿಕೊಂಡ. ನೀವು ಅವರಿಬ್ಬರ ಹೆಸರನ್ನು ಬಿಟ್ಟಿದ್ದೀರಿ. ಹೆಸರು ಮರೆತದ್ದರ ಬಗ್ಗೆ ದೂರುವ ಲೇಖನದಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ.

ಚೆಂಡು ಉರುಳಿಸಿ ಗೂಟಗಳನ್ನು ಬೀಳಿಸುವ ಬೌಲಿಂಗ್ ಆಟದಲ್ಲಿ ಪೂರ್ಣಾಂಕ 300 ಗಳಿಸಿದ ಮೇಲೆ ಐವರ್ಕ್ಸ್ ಆ ಆಟವನ್ನೇ ಬಿಟ್ಟನೆಂಬ ಕಥೆಯನ್ನು ನೀವು ಕೊನೆಗೆ ಇಟ್ಟಿದ್ದೀರಿ. ಅದನ್ನು ಅಲ್ಲಿಂದ ತೆಗೆದು 1940ರ ಪಕ್ಕದಲ್ಲಿಡಿ. ಮಿಕ್ಕಿಯನ್ನು ಬರೆದ ಕೈ ಮತ್ತೆ ಯಾಕೆ ಬರೆಯಲಿಲ್ಲ ಎಂದು ಓದುಗರು ಕೇಳುವುದು ಅಲ್ಲಿ.

ಅವನು 1971ರ ಜುಲೈ 7ರಂದು ಬರ್‌ಬ್ಯಾಂಕಿನಲ್ಲಿ ತೀರಿಕೊಂಡ ಎಂಬ ವಾಕ್ಯವನ್ನು ನೀವು ಬರೆದ ಹಾಗೆಯೇ ಬಿಡಬಹುದು, ಅದರ ನಂತರದ ಎರಡು ಪ್ಯಾರಾಗಳು ಬೇಡ. ಮತ್ತೆ ಬರೆಯಲು ಕೂರುವ ಮುನ್ನ 'ದಿ ಸ್ಕೆಲಿಟನ್ ಡಾನ್ಸ್' ಮತ್ತು 'ಫಿಡ್ಲ್‌ಸ್ಟಿಕ್ಸ್' ಎರಡನ್ನೂ ಒಂದೇ ದಿನ, ಮೊದಲು ಧ್ವನಿ ಮುಚ್ಚಿ, ಆಮೇಲೆ ಧ್ವನಿಯೊಂದಿಗೆ ನೋಡಿ, ಕಂಡದ್ದನ್ನು ಕೈಯಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಕರಡನ್ನು ದಯವಿಟ್ಟು ಕಾಗದದ ಮೇಲೆಯೇ ಕಳಿಸಿ, ಎಡಗಡೆ ಅಂಚು ಅಗಲವಾಗಿರಲಿ. ಕೆಂಪು ಗುರುತು ಹಾಕಿದ ಪ್ರತಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಏಳನೆಯ ಪುಟದ ಮೇಲೆ ಕಾಫಿ ಚೆಲ್ಲಿದ್ದು ನನ್ನ ತಪ್ಪು.

ಇಂತಿ,
ನಿಮ್ಮ ವಿಶ್ವಾಸಿ