ಬ್ರೇಕಿನ ವಿಷಯವಾಗಿ ಅಪ್ಪನವರಿಗೆ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪತ್ರ ತಲುಪಿತು. ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು ಮನೆಯಲ್ಲಿ ನಾನೇ ಬದಲಿಸಿದೆನೆಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ ಒಂದು ಮಾತು, ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ನಾನು ಕಾರಿನ ಅಡಿಗೆ ಸಿಕ್ಕಿ ಬದುಕಿ ಬಂದವಳಂತೆ ಬೆಳೆದಿದೆ. ಅಳಿಯಂದಿರ ಕೆಲಸಕ್ಕೇನಾದರೂ ಸಂಚಕಾರ ಬಂದಿದೆಯೇ, ಮೆಕ್ಯಾನಿಕ್ಕಿಗೆ ಕೊಡಲು ಹಣವಿಲ್ಲವೇ ಎಂದೂ ಕೇಳಿದ್ದೀರಿ. ಅವರ ಕೆಲಸ ಭದ್ರವಾಗಿದೆ, ನನ್ನದೂ ಇದೆ, ಹಣಕ್ಕೆ ಯಾವ ತೊಂದರೆಯೂ ಇಲ್ಲ, ನಿಜವಾಗಿಯೂ ಇಲ್ಲ. ಇಲ್ಲಿಯವರು ಇಂಥ ಕೆಲಸವನ್ನು ಬಡತನದ ಗುರುತೆಂದು ಭಾವಿಸುವುದಿಲ್ಲ. ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿಯ ಬಳಿ ಜಾಕಿ, ಸ್ಟ್ಯಾಂಡು, ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚು ಎಲ್ಲವೂ ಇವೆ, ಮತ್ತು ಅವನ್ನು ಕೇಳಲು ಹೋದ ನನಗೆ ಅವರು ಕೊಟ್ಟ ಉಪದೇಶ ನಿಮ್ಮ ಪತ್ರಕ್ಕಿಂತ ಉದ್ದವಾಗಿತ್ತು.

ಮೊದಲನೆಯದಾಗಿ, ನಾನು ಕಾರಿನ ಅಡಿಗೆ ಹೋಗಲೇ ಇಲ್ಲ. ಇದು ಚಕ್ರದ ಪಕ್ಕದಲ್ಲಿ ಕುಳಿತು ಮಾಡುವ ಕೆಲಸ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿಕೊಂಡು, ಆಮೇಲೆ ಜಾಕಿ ಏರಿಸಿದೆ. ಜಾಕಿ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಆದ್ದರಿಂದ ಕಾರಿನ ಭಾರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸಿ, ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ಚಕ್ರ ಬಿಚ್ಚಿದೆ. ಅಳಿಯಂದಿರು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದರು. ಅವರ ಸಹಾಯ ಹೆಚ್ಚುಕಡಿಮೆ ಅಷ್ಟೇ, ಆದರೆ ಅಮ್ಮನಿಗೆ ಸಮಾಧಾನವಾಗುವಂತೆ ಸ್ವಲ್ಪ ಹೆಚ್ಚಾಗಿಯೇ ಹೇಳಿ.

ಪ್ಯಾಡುಗಳನ್ನು ಎರಡೂ ಕಡೆಯಿಂದ ಹಿಡಿದು ಒತ್ತುವ ಕ್ಯಾಲಿಪರಿನ ಬೋಲ್ಟು ತೆಗೆದು ಹಳೆಯ ಪ್ಯಾಡುಗಳನ್ನು ಹೊರಗೆಳೆದಾಗ ಕಂಡದ್ದನ್ನು ನೀವು ತಿಳಿಯಲೇಬೇಕು. ಎಡಚಕ್ರದ ಹೊರಗಿನ ಪ್ಯಾಡು ಇನ್ನೂ ಅರ್ಧದಷ್ಟು ಉಳಿದಿತ್ತು. ಒಳಗಿನದು ಮಾತ್ರ ಹಿಂದಿನ ಲೋಹದ ತಗಡಿನ ತನಕ ಸವೆಯುತ್ತ ಬಂದಿತ್ತು. ಪೆಡಲು ಒತ್ತಿದಾಗ ಕ್ಯಾಲಿಪರಿನೊಳಗಿಂದ ಮುಂದೆ ಬರುವ ಪಿಸ್ಟನ್ ನೇರವಾಗಿ ಒತ್ತುವುದು ಒಳಗಿನ ಪ್ಯಾಡನ್ನು. ಆ ಒತ್ತಡಕ್ಕೆ ಕ್ಯಾಲಿಪರು ತನ್ನ ಎರಡು ಪಿನ್ನುಗಳ ಮೇಲೆ ಜಾರಿ ಬಂದರೆ ಮಾತ್ರ ಹೊರಗಿನ ಪ್ಯಾಡೂ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಸರಿಯಾಗಿ ಹಿಡಿಯುತ್ತದೆ. ಕೆಳಗಿನ ಪಿನ್ನಿನ ಗ್ರೀಸು ಒಣಗಿ ಕಂದು ಅಂಟಾಗಿ ಹಿಡಿದುಕೊಂಡಿದ್ದರಿಂದ ಒಳಗಿನ ಪ್ಯಾಡೇ ಹೆಚ್ಚಿನ ದುಡಿಮೆ ಮಾಡುತ್ತಿತ್ತು. ಪಿನ್ನನ್ನು ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸು ಹಚ್ಚಿ, ಬೆರಳಿನಲ್ಲಿ ತಳ್ಳಿದರೆ ಸಲೀಸಾಗಿ ಜಾರುವವರೆಗೂ ಬಿಡಲಿಲ್ಲ. ಪ್ಯಾಡು ಮಾತ್ರ ಬದಲಿಸಿ ಪಿನ್ನನ್ನು ಹಾಗೆಯೇ ಬಿಟ್ಟಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತಿತ್ತು. ಅವಸರದಲ್ಲಿರುವವರು ಬಿಟ್ಟುಬಿಡುವುದು ಈ ಕೆಲಸವನ್ನೇ, ಮತ್ತು ನಾನೇ ಮಾಡಲು ಹೊರಟದ್ದೂ ಇದೇ ಕಾರಣಕ್ಕೆ.

ಉಳಿದದ್ದು ಶ್ರದ್ಧೆಯ ಕೆಲಸವೇ ಹೊರತು ಸಾಹಸವಲ್ಲ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕಿನ ರಬ್ಬರ್ ಪೈಪಿನ ಮೇಲೆ ಜೋತುಬೀಳಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದ್ದೆ. ಹೊಸ ಪ್ಯಾಡು ದಪ್ಪವಾದ್ದರಿಂದ ಪಿಸ್ಟನ್ನನ್ನು ಕ್ಲಾಂಪಿನಿಂದ ನಿಧಾನವಾಗಿ ಹಿಂದಕ್ಕೆ ಒತ್ತಬೇಕು. ಆಗ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ, ತುಳುಕಿದರೆ ಬಣ್ಣವನ್ನು ತಿನ್ನುತ್ತದೆ, ಹಾಗಾಗಿ ಅಳಿಯಂದಿರನ್ನು ಅಲ್ಲಿ ಕಾವಲಿಗೆ ನಿಲ್ಲಿಸಿದೆ. ಕಪ್ಪು ಧೂಳನ್ನು ಊದಲಿಲ್ಲ, ಒದ್ದೆ ಮಾಡಿ ಒರೆಸಿದೆ. ಮಾಸ್ಕ್ ಕೂಡ ಹಾಕಿಕೊಂಡಿದ್ದೆ. ಡಿಸ್ಕು ಕನಿಷ್ಠ ಎಷ್ಟು ದಪ್ಪವಿರಬೇಕೆಂಬುದನ್ನು ಅದರ ಮೇಲೆಯೇ ಕೆತ್ತಿರುತ್ತಾರೆ, ಅಳೆದು ನೋಡಿದಾಗ ಇನ್ನೂ ಸಾಕಷ್ಟಿತ್ತು.

ನಿಜವಾದ ಅಪಾಯ ಇರುವುದು ಎಲ್ಲ ಮುಗಿಯಿತೆಂದುಕೊಂಡ ಮೇಲೆ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಬಾರಿ ಒತ್ತಿದ ಪೆಡಲು ನೆಲದವರೆಗೂ ಇಳಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ. ಕಾರು ನಿಂತಲ್ಲೇ ಇರುವಾಗ ಪೆಡಲು ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಬೇಕು. ನಾನು ಒತ್ತಿದೆ, ಅಳಿಯಂದಿರೂ ಒತ್ತಿ ನೋಡಿದರು. ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಪುಸ್ತಕ ಹೇಳಿದ ಅಳತೆಗೆ ಬಿಗಿದೆ, ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದೆ. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿನಿಂದ ಹತ್ತರವರೆಗೆ ಮೆಲ್ಲಗೆ ತಗ್ಗಿಸುತ್ತ, ನಡುವೆ ತಣಿಯಲು ಬಿಡುತ್ತ, ಹೊಸ ಪ್ಯಾಡುಗಳನ್ನು ಡಿಸ್ಕಿಗೆ ಪಳಗಿಸಿದ್ದೂ ಆಯಿತು. ಈಗ ಬ್ರೇಕು ಮೊದಲಿಗಿಂತ ಚೆನ್ನಾಗಿದೆ.

ನನ್ನ ಚಿಂತೆ ಬಿಡಿ, ಅಪ್ಪಾ. ನಿಮ್ಮ ಪತ್ರದ ಕೊನೆಯ ಸಾಲು ನನ್ನ ನಿದ್ದೆ ಕೆಡಿಸಿದೆ. ಬ್ರೇಕು ಒತ್ತಿದಾಗಲೆಲ್ಲ ನಿಮ್ಮ ಕಾರು ಕಿರ್ರೆನ್ನುತ್ತದೆ, ಧೂಳಿರಬೇಕು, ಗಾಜು ಏರಿಸಿದರೆ ಕೇಳಿಸುವುದಿಲ್ಲ ಎಂದು ಬರೆದಿದ್ದೀರಿ! ರಾತ್ರಿಯ ತೇವಕ್ಕೆ ಹಿಡಿದ ತುಕ್ಕಿನ ಸದ್ದಾದರೆ ಬೆಳಿಗ್ಗೆ ನಾಲ್ಕಾರು ಸಲ ಒತ್ತುವಷ್ಟರಲ್ಲಿ ಹೋಗಬೇಕು. ದಿನವಿಡೀ ಬರುವ ಸದ್ದು ಬೇರೆ. ಅನೇಕ ಪ್ಯಾಡುಗಳಿಗೆ ಸಣ್ಣ ಉಕ್ಕಿನ ಪಟ್ಟಿಯೊಂದನ್ನು ಕೂಡಿಸಿರುತ್ತಾರೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚಲೆಂದೇ ಇರುವುದು. ಕಿರ್ರೆನ್ನುವುದು ಗರಗರ ಎನ್ನುವುದಕ್ಕೆ ತಿರುಗಿದರೆ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದೇ ಅರ್ಥ, ಆಗ ಡಿಸ್ಕೂ ಹಾಳಾಗುತ್ತದೆ. ಕಾರನ್ನು ನಿಲ್ಲಿಸುವ ಭಾರದ ಬಹುಪಾಲು ಮುಂದಿನ ಬ್ರೇಕುಗಳ ಮೇಲೆಯೇ ಬೀಳುತ್ತದೆ.

ಇದೇ ವಾರ ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ ತೋರಿಸಿ. ಚಕ್ರದ ಸಂದಿಯಿಂದ ಇಣುಕಿ ‘ಇನ್ನೂ ಇದೆ ಸಾರ್’ ಎಂದರೆ ಒಪ್ಪಬೇಡಿ. ಅಲ್ಲಿಂದ ಕಾಣುವುದು ಹೊರಗಿನ ಪ್ಯಾಡು. ಚಕ್ರ ಬಿಚ್ಚಿಸಿ ಒಳಗಿನದನ್ನು ನೋಡಿ, ಬದಲಿಸುವುದಾದರೆ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಿಸಲಿ, ಪಿನ್ನಿಗೆ ಗ್ರೀಸು ಹಚ್ಚಿದರೇ ಎಂದು ನಿಂತು ಕೇಳಿ. ಅಲ್ಲಿಯವರೆಗೆ ದೂರದ ಪ್ರಯಾಣ ಬೇಡ, ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಯುವುದಂತೂ ಬೇಡವೇ ಬೇಡ. ತೋರಿಸಿದ ದಿನವೇ ಫೋನ್ ಮಾಡಿ.

ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಾಯಿತು; ಹೌದು, ಅದೇ ಕಾರಿನಲ್ಲಿ. ಅಕ್ಕನಿಗೆ ಬೇರೆ ಬರೆಯುತ್ತೇನೆ.

ಇತಿ,
ನಿಮ್ಮ ಮಗಳು