ರಾಯಚೂರಿನ ಬಿಸಿಲನ್ನೂ ತಾಳುವ ಲಸಿಕೆ, ಕಿಟ್ ಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ರಾಯಚೂರು ಜಿಲ್ಲೆಯ ನಾಗರಿಕನೊಬ್ಬನ ನಮಸ್ಕಾರಗಳು.

ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ಅಳತೆಗೋಲಾಗಿಸಿಕೊಂಡ ನ್ಯಾನೊ ತಂತ್ರಜ್ಞಾನ ಈಗಾಗಲೇ ನಮ್ಮ ಆಸ್ಪತ್ರೆಗಳೊಳಗೆ ಬಂದಿದೆ. ಡೆಂಗಿ ವೈರಸ್ಸಿನ ಎನ್‌ಎಸ್1 ಎಂಬ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಕ್ಷಿಪ್ರ ಪರೀಕ್ಷೆಯಲ್ಲಿ ಮೂಡುವ ಕೆಂಪು ಗೆರೆ ಹೆಚ್ಚಿನ ಕಿಟ್‌ಗಳಲ್ಲಿ ಚಿನ್ನದ ನ್ಯಾನೊ ಕಣಗಳಿಂದಲೇ ಬರುತ್ತದೆ. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳಲ್ಲಿ, ಬೇಗನೆ ನಾಶವಾಗುವ ಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಸೂಚನೆ ಕೊಡುವ ಅಣುವನ್ನು) ಕಾಪಾಡಿ ಜೀವಕೋಶದೊಳಗೆ ತಲುಪಿಸಿದ್ದು ಸುಮಾರು 100 ನ್ಯಾನೊಮೀಟರ್ ಗಾತ್ರದ, ಹೆಚ್ಚುಕಡಿಮೆ ಕೊರೊನಾ ವೈರಸ್ಸಿನಷ್ಟೇ ಇರುವ ಕೊಬ್ಬಿನ ಕಣ.

ನಮ್ಮ ಕಷ್ಟವಿರುವುದು ಶಾಖದಲ್ಲಿ. ಫೈಜರ್ ಲಸಿಕೆಗೆ ಮೊದಲು ಮೈನಸ್ 70 ಡಿಗ್ರಿ, ಮಾಡರ್ನಾ ಲಸಿಕೆಗೆ ಮೈನಸ್ 20 ಡಿಗ್ರಿಯ ಶೀತಲೀಕರಣ ಬೇಕಾಗಿತ್ತು. 2022ರಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಪುಣೆಯ ಜೆನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಉಳಿಯುವಂತಾದದ್ದು ದೊಡ್ಡ ಹೆಜ್ಜೆಯೇ ಸರಿ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ದೇವದುರ್ಗ, ಮಸ್ಕಿ, ಲಿಂಗಸೂಗೂರಿನ ಹಳ್ಳಿಗಳಿಗೆ ಅದೂ ಸಾಲದು. ಅನೇಕ ಪರೀಕ್ಷಾ ಕಿಟ್‌ಗಳನ್ನು 30 ಡಿಗ್ರಿಯೊಳಗೆ ಇಡಬೇಕೆಂದು ಅವುಗಳ ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಬಿಸಿಲಿಗೆ ಕೆಟ್ಟ ಕಿಟ್ ರೋಗವಿದ್ದರೂ ಇಲ್ಲವೆಂದು ತೋರಿಸಿದರೆ ಆ ಮಗುವಿನ ಜ್ವರಕ್ಕೆ ಹೊಣೆ ಯಾರು? ಡೆಂಗಿಗೆ ನೇರ ವೈರಸ್ ನಿರೋಧಕ ಔಷಧಿ ಇನ್ನೂ ಚಿಕಿತ್ಸೆಗೆ ಬಂದಿಲ್ಲವಾದ್ದರಿಂದ, ಬೇಗ ಪತ್ತೆ ಹಚ್ಚಿ ರೋಗಿಯ ಮೇಲೆ ನಿಗಾ ಇಡುವುದೇ ಜೀವ ಉಳಿಸುವ ದಾರಿ.

ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಈ ವಿದ್ಯೆ ಬಲ್ಲವರಿದ್ದಾರೆ. ಅವರ ಕೆಲಸ ಬೆಂಗಳೂರಿನ ತಂಪಿನಲ್ಲಷ್ಟೇ ಒರೆಗೆ ಹಚ್ಚಲ್ಪಟ್ಟರೆ ನಮಗೆ ಪ್ರಯೋಜನವಿಲ್ಲ. ಆದ್ದರಿಂದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ರಿಮ್ಸ್‌ನಲ್ಲಿ, ಕಿಟ್ ಮತ್ತು ಲಸಿಕೆಗಳ ಶಾಖ ಸಹಿಷ್ಣುತೆಯನ್ನು ಇಲ್ಲಿನ ಹವೆಯಲ್ಲೇ ಪರೀಕ್ಷಿಸುವ ಘಟಕವೊಂದನ್ನು ತೆರೆಯಬೇಕು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371ಜೆ ವಿಧಿಯ ಆಶಯದಂತೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಅದಕ್ಕೆ ಪಾಲಿಡಬೇಕು. ಘಟಕದ ಫಲಿತಾಂಶ, ಚೆನ್ನಾಗಿರಲಿ ಬಿಡಲಿ, ಸಾರ್ವಜನಿಕವಾಗಿ ಪ್ರಕಟವಾಗಬೇಕು. ನ್ಯಾನೊ ಎಂಬ ಹೆಸರು ಹಚ್ಚಿ ಮಾರುವ ಪುರಾವೆಯಿಲ್ಲದ ಸ್ಪ್ರೇ, ಲೇಪನಗಳಿಗೆ ಸರ್ಕಾರಿ ಖರೀದಿಯಲ್ಲಿ ಜಾಗ ಕೊಡಕೂಡದು.

ನೀರು ಸರಿಯಾಗಿ ಬಾರದೆ ಜನ ಡ್ರಮ್ಮುಗಳಲ್ಲಿ ತುಂಬಿಡುವುದರಿಂದ ಸೊಳ್ಳೆ ಹೆಚ್ಚುತ್ತದೆಂಬುದನ್ನು ಬಲ್ಲೆ. ನೀರು ಪೂರೈಕೆ, ಸೊಳ್ಳೆ ನಿಯಂತ್ರಣದ ಹಣವನ್ನು ಕಡಿದು ಇದಕ್ಕೆ ಕೊಡಿ ಎಂದು ಕೇಳುತ್ತಿಲ್ಲ. ಮುಂದಿನ ಬೇಸಿಗೆಯೊಳಗೆ, ಕನಿಷ್ಠ ತಾಲ್ಲೂಕು ಆಸ್ಪತ್ರೆಗಳ ಕಿಟ್ ದಾಸ್ತಾನು ಕೋಣೆಗಳ ತಾಪಮಾನವನ್ನು ದಿನವೂ ದಾಖಲಿಸಲು ಆದೇಶಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ರಾಯಚೂರಿನ ಒಬ್ಬ ನಾಗರಿಕ